ಪರದೆ ಎರಡು ಮೊಳ, ಬೊಂಬೆ ನೂರು

ಕಲ್ಲಿನ ಕೋಟೆಯೊಳಗೆ ಕಂಪ್ಯೂಟರ್ ಇತ್ತು ಅಂದರೆ ನಂಬದವರು ಈಗಲೇ ಎದ್ದು ಹೋಗಿ. ನನ್ನ ಕತೆಗೇನು ಕೇಳುವವರ ಬರವಿಲ್ಲ. ಮೋಡಗಳು ಅರಮನೆಯ ಅಂಗಳಕ್ಕಿಳಿದು ಮೇಯುತ್ತಿದ್ದ ಆ ರಾಜ್ಯದಲ್ಲಿ ಒಂದು ಬೆಳಗ್ಗೆ ಡಂಗುರ ಹೊಡೆದರು: “ರಾಜಕುಮಾರಿ ಮುಗಿಲಾದೇವಿಯ ಕಂಪ್ಯೂಟರಿನ ಮೂರು ಒಗಟು ಬಿಡಿಸಿದವನು ಬೇಡಿದ್ದು ಕೊಡಲಾಗುವುದು. ತಪ್ಪಿದವನ ತಲೆ ಹೊತ್ತು ಮುಳುಗುವಾಗ ಉರುಳುವುದು.”

ತೊಗಲುಬೊಂಬೆ ಆಡಿಸುವ ಗಾದಿಲಿಂಗ ಮೀಸೆ ತಿರುವುತ್ತಾ ಹೋದ. ಮಧ್ಯಾಹ್ನಕ್ಕೆ ಕಾಲಿಗೆ ಸಂಕಲೆ. ಅವನ ತಮ್ಮ ಹೊನ್ನೂರ, ಪರದೆಯ ಹಿಂದೆ ಕೂತು ಬೊಂಬೆ ಎತ್ತಿಕೊಡುವವನು, ಸುದ್ದಿ ಕೇಳಿ ಅರಮನೆಗೆ ಓಡಿಬಂದ.

“ಅಂಗೈಯಗಲ ಅಂಗಳ. ನೂರು ಮಂದಿ ಆಡುವವರು. ಇಡೀ ಬಯಲು ನನ್ನೊಬ್ಬನದೇ ಅಂತ ಪ್ರತಿಯೊಬ್ಬನಿಗೂ ನಂಬಿಕೆ. ಹೇಗೆ?” ಸಭೆಗೆ ಮೊದಲ ಒಗಟು ಒಡ್ಡುತ್ತಿದ್ದ ಮುಗಿಲಾದೇವಿಯ ದನಿ ನಿದ್ದೆಯಲ್ಲಿ ಕೇಳಿದ ಹಾಗಿತ್ತು.

“ಮಂತ್ರ,” ಅಂದ ಒಬ್ಬ ಅರಸುಮಗ. ಸಂಕಲೆ ಬಿತ್ತು. “ಮಾಯೆ,” ಅಂದರು ಒಬ್ಬ ಪಂಡಿತರು. ಅವರಿಗೂ ಬಿತ್ತು.

“ನಾನು ಸಂತೆ ಅಂದೆ ಕಣೋ,” ಗಾದಿಲಿಂಗ ಮೂಲೆಯಿಂದ ಗೊಣಗಿದ. “ನೀ ಹೋಗು. ಮನೆಗೆ ಒಂದು ತಲೆಯಾದ್ರೂ ಉಳೀಲಿ.”

“ಸುಮ್ನಿರಣ್ಣ.” ಹೊನ್ನೂರ ಕೈಮುಗಿದ. “ತಾಯೀ, ನಮ್ಮ ಪರದೆ ಎರಡು ಮೊಳ. ಪೆಟ್ಟಿಗೆಯಲ್ಲಿ ನೂರು ಬೊಂಬೆ. ಪಾಳಿ ಬಂದದ್ದು ಪರದೆಗೆ, ಉಳಿದದ್ದು ಪೆಟ್ಟಿಗೆಗೆ. ಯಾವುದು ಎಲ್ಲಿದೆ ಅನ್ನೋ ಪಟ್ಟಿ ನನ್ನ ತಲೇಲಿ. ರಾಜನ ಬೊಂಬೆಗೆ ಪರದೆಯೆಲ್ಲ ಅರಮನೆ, ರಾಕ್ಷಸನಿಗೆ ಪರದೆಯೆಲ್ಲ ಕಾಡು. ನಿಮ್ಮ ಕಂಪ್ಯೂಟರೂ ಹಾಗೇ ಇರಬೇಕು. ಮೆಮೊರಿ ಚಿಕ್ಕ ಪರದೆ, ಡಿಸ್ಕು ದೊಡ್ಡ ಪೆಟ್ಟಿಗೆ, ಅದರಲ್ಲಿ ಓಡೋ ಪ್ರೋಗ್ರಾಮುಗಳೇ ಬೊಂಬೆ.”

ರಾಜಕುಮಾರಿ ಮೊದಲ ಸಲ ತಲೆಯೆತ್ತಿದಳು. “ಅದರಲ್ಲಿ ನಿನ್ನಂತೆ ಹಿಂದೆ ಕೂತವನ ಹೆಸರು ಆಪರೇಟಿಂಗ್ ಸಿಸ್ಟಮ್. ಅವನು ತೋರಿಸುವ ಬಯಲು ವರ್ಚುವಲ್ ಮೆಮೊರಿ. ಸರಿ, ಲೋಕವೇ ಕ್ಷಣಕಾಲ ನಿಲ್ಲುತ್ತದೆ, ಒಳಗಿದ್ದವನಿಗೆ ಗೊತ್ತೇ ಆಗುವುದಿಲ್ಲ. ಯಾವಾಗ?”

“ಬೇಕಾದ ಬೊಂಬೆ ಪರದೆಯಲ್ಲಿ ಇಲ್ಲದಾಗ. ಆಟ ತಡೆದು, ಬೇಡದ್ದೊಂದನ್ನ ಇಳಿಸಿ, ಬೇಕಾದ್ದನ್ನ ಏರಿಸಿ, ನಿಂತಲ್ಲಿಂದಲೇ ಹೊರಡ್ತೀವಿ. ಬೊಂಬೆಗೇನು ಗೊತ್ತು?”

“ಕೊನೆಯದು. ಕೈಗೆ ಬಿಡುವಿಲ್ಲ, ಆಟ ಒಂದಡಿಯೂ ಸಾಗದು. ಯಾಕೆ?”

ಹೊನ್ನೂರ ಅಣ್ಣನ ಕಡೆ ನೋಡಿದ. ಅಣ್ಣ ನೆಲ ನೋಡಿದ.

“ಇಡೀ ಕುದುರೆಪಡೇನ ಒಟ್ಟಿಗೇ ಕುಣಿಸ್ತೀನಿ ಅಂತ ಅಣ್ಣ ಹೊರಟ ದಿನ ಹಾಗಾಯ್ತು, ತಾಯೀ. ಒಂದನ್ನ ಇಳಿಸೋದು, ಒಂದನ್ನ ಏರಿಸೋದು, ಅಷ್ಟೇ. ಒಂದು ಕುದುರೆಯೂ ಕಾಲೆತ್ತಲಿಲ್ಲ. ಜಾಗಕ್ಕೆ ಮೀರಿ ಒಟ್ಟಿಗೇ ಕರೆದರೆ ಹಾಗೇ. ಅರ್ಧ ಪಡೆ ಪೆಟ್ಟಿಗೇಲಿ ಮಲಗಿಸಿದೆ, ಯುದ್ಧ ನಡೀತು.”

“ಮೂರೂ ಸರಿ,” ಅಂದಳು ಮುಗಿಲಾದೇವಿ. “ಬೇಡು.”

ಅರ್ಧ ರಾಜ್ಯ ಕೇಳೋ ಅಂತ ಅಣ್ಣ ಕಣ್ಣು ಹೊಡೆದ. ಹೊನ್ನೂರ ಬೇಕಾದ್ದನ್ನೇ ಕೇಳಿದ.

ಅವನಿಗೆ ಕೊಟ್ಟದ್ದು ಮೂರು ತಲೆ, ಮೂರೂ ಅವರವರ ಕತ್ತಿನ ಮೇಲೇ: ಅರಸುಮಗನದು, ಪಂಡಿತರದು, ಅಣ್ಣನದು.