ಮರಕುಟಿಗ ಕೆತ್ತಿದ ವಿಮರ್ಶೆ

ಗೀಜಗ ಮೂರು ವರ್ಷ ಕೂತು ಸಾವಿರಾರು ಚಿತ್ರ ಬರೆದು, ಒಂದು ಆನೆಮರಿ ಮತ್ತು ಅದರ ಅಜ್ಜಿಯ ಕಥೆಯನ್ನು ಕಾರ್ಟೂನ್ ಸಿನಿಮಾ ಮಾಡಿತ್ತು. ತೋಪಿನ ನಿಯಮ ಖಚಿತವಾಗಿತ್ತು: ಮೊದಲ ಆಟವನ್ನು ವಿಮರ್ಶಕ ಮರಕುಟಿಗ ನೋಡಬೇಕು, ಅದು ಒಪ್ಪದಿದ್ದರೆ ಎರಡನೆಯ ಆಟವಿಲ್ಲ. ಆದ್ದರಿಂದ ಪರದೆ ಬೆಳಗಿದ ಕ್ಷಣದಿಂದ ಗೀಜಗ ಮರಕುಟಿಗದ ಕೊಕ್ಕಿನಿಂದ ಕಣ್ಣು ಕೀಳಲಿಲ್ಲ. ಮರಕುಟಿಗವೋ, ತಪ್ಪು ಕಂಡಾಗಲೆಲ್ಲ ಮರದ ಕಾಂಡದ ಕಡೆ ತಿರುಗಿ ಒಂದೊಂದು ಗೀರು ಕೆತ್ತಿತು. ಗೀಜಗ ಪ್ರತಿ ಗೀರನ್ನೂ ಎಣಿಸಿತು.

ಆಟ ಮುಗಿಯಿತು. "ಒಟ್ಟು ಒಂಬತ್ತು ತಪ್ಪು," ಎಂದಿತು ಮರಕುಟಿಗ. "ಆನೆಮರಿಯ ಒಂದು ಕಿವಿ ದೊಡ್ಡದು, ಇನ್ನೊಂದು ಚಿಕ್ಕದು. ಹೊಳೆಯ ನೀರಿನಲ್ಲಿ ಮರದ ನೆರಳೇ ಇಲ್ಲ. ಎರಡನೆಯ ಆಟ ಬೇಡ."

"ಸ್ವಾಮಿ, ಅಜ್ಜಿ ಕಣ್ಣು ಮುಚ್ಚಿದ ಮೇಲೂ ಮರಿ ಅವಳ ಸೊಂಡಿಲು ಬಿಡಲಿಲ್ಲವಲ್ಲ, ಅದಕ್ಕೇನಂತೀರಿ?" ಎಂದು ಗೀಜಗದ ಪಕ್ಕ ಮಕ್ಕಳೊಂದಿಗೆ ಕೂತಿದ್ದ ಅಳಿಲಮ್ಮ ಕೇಳಿತು.

"ಅಜ್ಜಿ ತೀರಿಕೊಂಡಳೇ? ಯಾವಾಗ?"

"ತಾವು ಕಿವಿಯ ಗೀರು ಕೆತ್ತುತ್ತಿದ್ದಾಗ!"

ನೆರೆದವರೆಲ್ಲ ನಕ್ಕರು. ಗೀಜಗಕ್ಕೆ ಹೋದ ಜೀವ ಬಂದಂತಾಯಿತು. "ಹಾಗಾದರೆ ಆ ದೃಶ್ಯಕ್ಕೆ ಯಾರಾದರೂ ಅತ್ತರೇ, ಅಳಿಲಮ್ಮ?"

"ಅತ್ತರೇ ಅಂತ ನನ್ನನ್ನು ಕೇಳ್ತೀಯಲ್ಲೋ ಮಾರಾಯ! ನನ್ನ ಮೂರು ಮಕ್ಕಳೂ ನಿನ್ನ ರೆಕ್ಕೆಗೇ ಮುಖ ಒರೆಸಿಕೊಂಡವು."

ಗೀಜಗ ತನ್ನ ರೆಕ್ಕೆ ನೋಡಿಕೊಂಡಿತು. ಅದು ಇನ್ನೂ ಒದ್ದೆಯಾಗಿತ್ತು.

ತೋಪಿನ ಹಿರಿಯ ಆಮೆ ತೀರ್ಪು ಕೊಟ್ಟಿತು: "ನಾಳೆ ಎರಡನೆಯ ಆಟ ನಡೆಯಲಿ. ಮರಕುಟಿಗ, ಗೀಜಗ, ನೀವಿಬ್ಬರೂ ತಪ್ಪದೆ ಬಂದು ಈ ಸಲವಾದರೂ ಸಿನಿಮಾ ನೋಡಿ."