ಸೋತ ಚುಕ್ಕಿಕೋಳಿ

ಹೂಂ ಅನ್ನಿ ಮಕ್ಕಳೇ, ಹೂಂ ಅಂದರೇ ಕತೆ ಓಡೋದು!

ಒಂದೂರು. ಊರಿಗೆ ಎರಡು ಕೇರಿ. ಕೆರೆ ನೀರಿಗಾಗಿ ಎರಡೂ ಕೇರಿ ಬಡಿದಾಡಿದವು. ತಲೆ ಒಡೆದವು, ಮಡಕೆ ಒಡೆದವು. ನಡುವೆ ಮುಳ್ಳುಬೇಲಿ ಎದ್ದಿತು. ಮೊದಲು ಮಾತಾಡಿದವರು ಸೋತಂತೆ! ವರ್ಷದಿಂದ ಎಲ್ಲರ ಬಾಯಿಗೂ ಬೀಗ.

ಮೇಲಿನ ಕೇರಿಯಲ್ಲಿ ಚುಕ್ಕಿಕೋಳಿ. ಅದಕ್ಕೆ ಒಂದೇ ಒಂದು ಮರಿ. ಮರಿ ಬೇಲಿ ಸಂದಿಯಲ್ಲಿ ನುಸುಳಿ ಆಚೆ ಹೋಯಿತು. ವಾಪಸ್ ಬರಲು ಸಂದಿ ಸಿಗಲಿಲ್ಲ. ಚಿಂವ್ ಚಿಂವ್! ಮೇಲೆ ನೋಡಿದರೆ ಹದ್ದು!

"ಬೇಲಿ, ಬೇಲಿ, ದಾರಿ ಬಿಡು. ಮರಿ ಆಚೆಗಿದೆ."

"ಬಿಡಲ್ಲ. ಕಟ್ಟಿದ ತಿಪ್ಪಣ್ಣ ಬಿಚ್ಚಲಿ."

ಹದ್ದು ಒಂದು ಸುತ್ತು ಇಳಿಯಿತು. ಕೋಳಿ ಓಡಿತು.

"ತಿಪ್ಪಣ್ಣ, ತಿಪ್ಪಣ್ಣ, ಬೇಲಿ ಬಿಚ್ಚಣ್ಣ. ಬೇಲಿ ಬಿಡಲ್ಲ, ಮರಿ ಆಚೆಗಿದೆ."

"ಬಿಚ್ಚಲ್ಲ. ಗೌಡರು ಹೇಳಲಿ."

ಹದ್ದು ಇನ್ನೊಂದು ಸುತ್ತು ಇಳಿಯಿತು. ಕೋಳಿ ಓಡಿತು.

"ಗೌಡ್ರೇ, ಗೌಡ್ರೇ, ಒಂದು ಮಾತು ಹೇಳಿ. ತಿಪ್ಪಣ್ಣ ಬಿಚ್ಚಲ್ಲ, ಬೇಲಿ ಬಿಡಲ್ಲ, ಮರಿ ಆಚೆಗಿದೆ."

"ಹೇಳಲ್ಲ. ಎಲೆ ಅಡಿಕೆ ಹಾಕಿ ಬಾಯಿ ಕೆಂಪಾಗದೆ ನನಗೆ ಮಾತೇ ಹೊರಡಲ್ಲ. ಗೌಡತಿ ಎಲೆ ಮಡಿಸಲಿ."

ಮಾತೇ ಹೊರಡದವರು ಇಷ್ಟು ಮಾತಾಡಿದರು ನೋಡಿ!

"ಅವ್ವಾ, ಗೌಡತಿ ಅವ್ವಾ, ಎಲೆ ಮಡಿಸವ್ವ. ಗೌಡರು ಹೇಳಲ್ಲ, ತಿಪ್ಪಣ್ಣ ಬಿಚ್ಚಲ್ಲ, ಬೇಲಿ ಬಿಡಲ್ಲ, ಮರಿ ಆಚೆಗಿದೆ."

"ಮಡಿಸಲ್ಲ ಕಣೆ. ಎಲೆ ಐತೆ, ಅಡಿಕೆ ಐತೆ, ಸುಣ್ಣ ಎಲ್ಲೈತೆ? ಸುಣ್ಣ ಸುಡೋ ಸಣ್ಣಕ್ಕ ಆ ಕೇರಿಯವಳು. ನಾವು ಕೇಳಿದ್ರೆ ನಾವು ಸೋತಂತೆ!"

"ನೀವು ಸೋಲಬೇಡಿ. ನಾನು ಸೋಲ್ತೀನಿ!"

ಕೋಳಿ ಒಂದು ಎಲೆ ಕಚ್ಚಿಕೊಂಡು ಓಡಿತು. ಬೇಲಿ ಸಂದಿಯಲ್ಲಿ ಎಲೆ ತೂರಿಸಿ ಕೂಗಿತು.

"ಸಣ್ಣಕ್ಕಾ, ಸಣ್ಣಕ್ಕಾ, ಸುಣ್ಣ ಕೊಡು. ನಾನೇ ಮೊದಲು ಕೇಳಿದೆ, ನಾನೇ ಸೋತೆ. ಗೌಡತಿ ಮಡಿಸಲ್ಲ, ಗೌಡರು ಹೇಳಲ್ಲ, ತಿಪ್ಪಣ್ಣ ಬಿಚ್ಚಲ್ಲ, ಬೇಲಿ ಬಿಡಲ್ಲ, ಮರಿ ಆಚೆಗಿದೆ!"

ಆ ಕೇರಿಯಲ್ಲಿ ಎಲೆಬಳ್ಳಿಯೇ ಇಲ್ಲ. ಎಲೆ ಕಂಡು ಸಣ್ಣಕ್ಕನ ಬಾಯಲ್ಲಿ ನೀರೂರಿತು.

"ನಂಗೂ ಕೇಳ್ಬೇಕು ಅಂತಿತ್ತು ಕಣೆ. ನಾಚ್ಕೆ ಆಗಿತ್ತು!"

ಸಣ್ಣಕ್ಕ ಸುಣ್ಣ ಕೊಟ್ಟಳು. ಗೌಡತಿ ಎಲೆ ಮಡಿಸಿದಳು. ಗೌಡರ ಬಾಯಿ ಕೆಂಪಾಯಿತು. ಗೌಡರು ಹೇಳಿದರು. ತಿಪ್ಪಣ್ಣ ಬಿಚ್ಚಿದ. ಬೇಲಿ ದಾರಿ ಬಿಟ್ಟಿತು. ಮರಿ ಓಡಿ ಬಂದು ಅಮ್ಮನ ರೆಕ್ಕೆಯೊಳಗೆ ತೂರಿತು. ಹದ್ದು ಪೆಚ್ಚಾಗಿ ಹಾರಿಹೋಯಿತು.

ಬೇಲಿ ಇದ್ದ ಜಾಗದಲ್ಲೇ ಎರಡೂ ಕೇರಿ ಕೂತು ಎಲೆ ಹಾಕಿಕೊಂಡವು. ಕೆರೆ ನೀರಿನ ಮಾತು ಎತ್ತಿದವು. ನಮಗೆ ಸೋಮವಾರ, ನಿಮಗೆ ಮಂಗಳವಾರ. ಜಗಳವೂ ಆಯಿತು, ನಗುವೂ ಆಯಿತು. ಆದರೆ ಯಾರೂ ಎದ್ದು ಹೋಗಲಿಲ್ಲ.

ಗೌಡರು ಕೇಳಿದರು, "ಅಲ್ಲಾ, ಕೊನೆಗೆ ಸೋತಿದ್ದು ಯಾರು?"

ಚುಕ್ಕಿಕೋಳಿ ಮರಿಯನ್ನು ರೆಕ್ಕೆಯೊಳಗೆ ಇನ್ನಷ್ಟು ಒತ್ತಿಕೊಂಡಿತು.

"ನಾನು! ನಾನು! ಕೊಕ್ಕೊಕ್ಕೋ, ನಾನೇ ಸೋತಿದ್ದು!"