ಸಾವ್ಕಾರರ ಸ್ಟೆಪ್ನಿ

ಹಿರಿಯೂರು ಹೆದ್ದಾರಿಯ ಟೈರ್ ಅಂಗಡಿಗೆ ಹೊಸ ಏರ್ ಕಂಪ್ರೆಸರ್ ಬೇಕಿತ್ತು.

"ದೊಡ್ಡದು ಒಂದೇ ತರ್ತೀನಿ. ನೋಡಿದವರು ಬೆರಗಾಗಬೇಕು," ಎಂದರು ಮಾಲೀಕ ಚಂದ್ರಮೌಳಿ ಸಾವ್ಕಾರರು.

"ಚಿಕ್ಕವು ಎರಡಿರಲಿ ಸಾವ್ಕಾರ್ರೆ. ಇದ್ದದ್ದೊಂದು ಕೆಟ್ಟು ಮೊನ್ನೆ ಎರಡು ದಿನ ಅಂಗಡಿ ಮುಚ್ಚಿದ್ವಿ," ಎಂದ ಪಂಕ್ಚರ್ ಹಾಕುವ ಬುಡೇನ್‌ಸಾಬ.

"ಹೊಸದು ಕೆಡಲ್ಲ. ನಾನು ಹೇಳಿದ್ದೇ ಆಯ್ತು." ಸಾವ್ಕಾರರು ದಾವಣಗೆರೆಗೆ ಹೊರಟು ಕಾರು ಹತ್ತಿದರು.

ಬುಡೇನ್‌ಸಾಬ ಕಾರಿನ ಡಿಕ್ಕಿ ತೆಗೆದು ಸ್ಟೆಪ್ನಿ ಟೈರನ್ನು ಕೆಳಗಿಳಿಸಿದ.

"ಅದ್ಯಾಕೋ ತೆಗೀತೀಯ? ದಾರೀಲಿ ಪಂಕ್ಚರ್ ಆದ್ರೆ?"

"ನಿಮ್ಮ ಟೈರೂ ಹೊಸವೇ ಸಾವ್ಕಾರ್ರೆ. ದೊಡ್ಡವೂ ಹೌದು," ಎಂದು ಬುಡೇನ್‌ಸಾಬ ಸ್ಟೆಪ್ನಿಯ ಮೇಲೆ ಕೂತೇಬಿಟ್ಟ.

ಸಾವ್ಕಾರರು ಮುಂದಿನ ರಸ್ತೆ ನೋಡಿದರು. ತಿರುಗಿ ಅವನನ್ನು ನೋಡಿದರು. ಅವನು ಏಳುವ ಹಾಗೆ ಕಾಣಲಿಲ್ಲ.

"ಎದ್ದು ಅದನ್ನ ಒಳಗಿಡು ಮಾರಾಯ," ಎಂದರು ಕೊನೆಗೆ. "ಎರಡೇ ತರ್ತೀನಿ."